ಹತ್ತು ಮಿಲಿಮೀಟರಿನ ಸಂಸಾರ

ಐವತ್ತು ದಾಟಿದ ಹೆಂಗಸು ಎರಡೇ ಸೀಟಿನ ಕಾರು ಕೊಂಡಳು ಅಂದರೆ ನೆಂಟರಿಷ್ಟರಿಗೆ ಹುಟ್ಟುವ ಮೊದಲ ಚಿಂತೆ ಕಾರಿನದಲ್ಲ, ಗಂಡನದು. ಇಬ್ಬರ ನಡುವೆ ಎಲ್ಲ ನೆಟ್ಟಗಿದೆಯಾ ಅಂತ. ಮೈಸೂರಿನಿಂದ ಅಮ್ಮ ಫೋನಿನಲ್ಲಿ ಸುತ್ತಿ ಬಳಸಿ ಕೇಳಿದ್ದೂ ಅದನ್ನೇ. "ಅವರ ಪ್ರಿಯಸ್ ಇದೆಯಲ್ಲಮ್ಮ, ಐದು ಜನ ಕೂರಬಹುದು" ಅಂದೆ. "ಹಾಗಾದ್ರೆ ಐದು ಜನರ ಕಾರಲ್ಲಿ ಅವರೊಬ್ಬರು, ಇಬ್ಬರ ಕಾರಲ್ಲಿ ನೀನೊಬ್ಬಳು. ಒಟ್ಟು ಖಾಲಿ ಸೀಟು ಐದು" ಅಂದರು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಟ್ಟವರ ಹತ್ತಿರ ಮಾತಾಡುವುದು ಕಷ್ಟ.

ಕಾರು 1990ರ ಮಾಜ್ದಾ ಮಿಯಾಟ. ಕೆಂಪು ಬಣ್ಣ, ಬಟ್ಟೆಯ ಟಾಪು, 1.6 ಲೀಟರಿನ ಎಂಜಿನ್ನು, 116 ಅಶ್ವಶಕ್ತಿ. ತೂಕ ಸಾವಿರ ಕಿಲೋ ಕೂಡ ಇಲ್ಲ. ಪವರ್ ಸ್ಟಿಯರಿಂಗ್ ಇಲ್ಲ, ಎಬಿಎಸ್ ಇಲ್ಲ. 1989ರ ಫೆಬ್ರವರಿಯಲ್ಲಿ ಶಿಕಾಗೊ ಆಟೊ ಶೋನಲ್ಲಿ ಜಗತ್ತು ಇದನ್ನು ಮೊದಲು ನೋಡಿ ಮರುಳಾದಾಗ ನಾನು ಸರಸ್ವತೀಪುರದಲ್ಲಿ ಲೂನಾ ತಳ್ಳಿಕೊಂಡು ಪೆಟ್ರೋಲ್ ಬಂಕಿಗೆ ಹೋಗುತ್ತಿದ್ದೆ. ಈಗ ನಾವಿರುವುದು ಮಿಶಿಗನ್ನಿನ ನೋವೈಯಲ್ಲಿ. ಡೆಟ್ರಾಯ್ಟ್ ಪಕ್ಕ, ಹಾಗಾಗಿ ಬೀದಿಯಲ್ಲಿ ಕಾರು ಕಂಪನಿಯ ಎಂಜಿನಿಯರುಗಳಿಗೆ ಬರವಿಲ್ಲ. ನಾನು ಆಸ್ಪತ್ರೆಯೊಂದರಲ್ಲಿ ಬಿಲ್ಲು ನೋಡುವವಳು. ಅದಕ್ಕೇ ಕಾರಿನ ವಿಷಯದಲ್ಲಿ ನನಗಿರುವಷ್ಟು ಧೈರ್ಯ ಅವರಿಗಿಲ್ಲ.

ಕಾರಿನ ಜತೆ ಬಂದ ಟೈರುಗಳು ನೋಡಲಿಕ್ಕೆ ಚೆನ್ನಾಗಿದ್ದವು. ಒದ್ದೆ ರಸ್ತೆಯಲ್ಲಿ ಬ್ರೇಕು ಒತ್ತಿದರೆ ಮಾತ್ರ ಚಕ್ರ ಗಕ್ಕನೆ ನಿಲ್ಲುತ್ತಿತ್ತು, ಕಾರು ನಿಲ್ಲುತ್ತಿರಲಿಲ್ಲ. ನಮ್ಮವರು ಜೇಬಿನಿಂದ ಒಂದು ಪೆನ್ನಿ ತೆಗೆದು ಟೈರಿನ ಗೀರಿನೊಳಗೆ ತಲೆಕೆಳಗಾಗಿ ಇಳಿಸಿದರು. ಇಲ್ಲಿನ ವಾಡಿಕೆ ಅದು. ನಾಣ್ಯದ ಮೇಲಿನ ಲಿಂಕನ್ನನ ನೆತ್ತಿ ಪೂರ್ತಿ ಕಂಡರೆ ಟ್ರೆಡ್ಡು, ಅಂದರೆ ಗೀರಿನ ಆಳ, 1.6 ಮಿಲಿಮೀಟರಿಗಿಂತ ಕಡಿಮೆ, ಟೈರು ಎಸೆಯಬೇಕು. ಲಿಂಕನ್ನ ಹುಬ್ಬಿನವರೆಗೆ ಮುಳುಗಿದ. "ಹೊಸದೇ ಇದೆ. ಇನ್ನೂ ಹತ್ತು ವರ್ಷ ಬರುತ್ತೆ" ಅಂತ ತೀರ್ಪು ಕೊಟ್ಟು ಎದ್ದರು. ನಾನು ಟಾರ್ಚು ಹಿಡಿದು ಟೈರಿನ ಪಕ್ಕೆ ಓದಿದೆ. ತುದಿಯ ನಾಲ್ಕು ಅಂಕಿ 2309. ಅಂದರೆ 2009ರ 23ನೇ ವಾರ ಹುಟ್ಟಿದ್ದು. ಆಗಲೇ ಹತ್ತು ತುಂಬಿತ್ತು. ಸವೆಯದೆ ನಿಂತಲ್ಲೇ ನಿಂತು ರಬ್ಬರು ಗಟ್ಟಿಯಾಗಿತ್ತು, ಉಗುರಿನಿಂದ ಒತ್ತಿದರೆ ಉಗುರಿಗೇ ನೋವು. ಹೊಸ ಟೈರು ಬೇಕೆಂದು ಸಾಬೀತಾಯಿತು. ಅಲ್ಲಿಗೇ ಬಿಟ್ಟು ಅದೇ ಅಳತೆಯ ನಾಲ್ಕು ಟೈರು ತಂದು ಹಾಕಿಸಿದ್ದರೆ ಈ ಲೇಖನವೂ ಇರುತ್ತಿರಲಿಲ್ಲ, ನಮ್ಮ ಬೇಸ್‌ಮೆಂಟಿನಲ್ಲಿ ನಡೆದಾಡಲು ಜಾಗವೂ ಇರುತ್ತಿತ್ತು.

ಫ್ಯಾಕ್ಟರಿ ಕೊಟ್ಟ ಅಳತೆ 185/60 ಆರ್ 14. ಮೊದಲನೆಯದು ಅಗಲ, ಮಿಲಿಮೀಟರಿನಲ್ಲಿ. ಎರಡನೆಯದು ಪಕ್ಕೆಯ ಎತ್ತರ, ಅಗಲದ ಶೇಕಡಾ 60. ಆರ್ ಅಂದರೆ ರೇಡಿಯಲ್. ಕೊನೆಯದು ರಿಮ್ಮಿನ ವ್ಯಾಸ, ಇಂಚಿನಲ್ಲಿ. ಮಿಲಿಮೀಟರು, ಶೇಕಡಾ, ಇಂಚು ಮೂರನ್ನೂ ಒಂದೇ ಸಾಲಿನಲ್ಲಿ ಇಟ್ಟವರು ನನ್ನಂಥವರಿಗಾಗಿಯೇ ಇಟ್ಟಿದ್ದಾರೆ. ಎಕ್ಸೆಲ್ ತೆರೆಯಲು ನೆಪ ಬೇಕಿತ್ತು. ಭಾನುವಾರದ ಪಾರ್ಕಿಂಗ್ ಲಾಟಿನಲ್ಲಿ ಕಿತ್ತಳೆ ಬಣ್ಣದ ಕೋನುಗಳನ್ನು ಸುತ್ತುವ ಆಟೊಕ್ರಾಸ್ ಬಳಗಕ್ಕೆ ನಾನು ಸೇರಿ ಆಗಿತ್ತು. ಅಲ್ಲಿ ಮಿಯಾಟದವರ ಮಂತ್ರ ಒಂದೇ: 195/50 ಆರ್ 15. ಹದಿನಾಲ್ಕು ಇಂಚಿಗೆ ಒಳ್ಳೆಯ ಅಂಟುವ ಟೈರು ಸಿಗುವುದೇ ಅಪರೂಪ, ಹದಿನೈದಕ್ಕೆ ಬೇಕಾದಷ್ಟು. ಲೆಕ್ಕ ಹಾಕಿದೆ. ಹಳೆಯ ಚಕ್ರದ ಒಟ್ಟು ವ್ಯಾಸ 577.6 ಮಿಲಿಮೀಟರು, ಹೊಸದರದು 576. ರಿಮ್ಮು ಒಂದು ಇಂಚು ಬೆಳೆದರೂ ಪಕ್ಕೆ ಕುಗ್ಗಿ ವ್ಯತ್ಯಾಸ ಒಂದು ಪೆನ್ನಿಯ ದಪ್ಪದಷ್ಟು. ಸ್ಪೀಡೋಮೀಟರು ಸುಳ್ಳು ಹೇಳುವುದಿಲ್ಲ, ಗೇರಿನ ಲೆಕ್ಕ ಕೆಡುವುದಿಲ್ಲ. ಈ ಸೊಗಸನ್ನು ರಾತ್ರಿ ಹನ್ನೊಂದಕ್ಕೆ ನಮ್ಮವರಿಗೆ ತೋರಿಸಿದೆ. "ವ್ಯತ್ಯಾಸವೇ ಇಲ್ಲ ಅಂತ ಖುಷಿಪಡ್ತಾ ಇದೀಯ. ಹಾಗಾದ್ರೆ ಬದಲಾಯಿಸೋದು ಯಾತಕ್ಕೆ?" ಅಂದು ಮಗ್ಗುಲು ಬದಲಿಸಿದರು.

ಆ ಪ್ರಶ್ನೆಗೆ ಉತ್ತರ ಕೊಡುವ ಹಟದಲ್ಲಿ ನಾನು ಇನ್ನೂ ಅಗಲಕ್ಕೆ ಹೋದೆ. 205/50ರ ಕನಸು ಕಂಡೆ. ವ್ಯಾಸ 586, ಸ್ಪೀಡೋಮೀಟರು ಶೇಕಡಾ ಒಂದೂವರೆ ಕಡಿಮೆ ತೋರಿಸುತ್ತದೆ. 225/45ರ ಕನಸೂ ಕಂಡೆ. ಅದು ನೆಟ್ಟಗೆ ಕೂರಲು ಒಂಬತ್ತು ಇಂಚು ಅಗಲದ ರಿಮ್ಮು ಬೇಕು, ಫೆಂಡರಿನ ಒಳ ಅಂಚನ್ನು ಮಡಚಬೇಕು. ಫೆಂಡರು ಮಡಚುವುದು ಹೇಗೆಂದು ನಾನು ವಿಡಿಯೊ ನೋಡುವಾಗ ನಮ್ಮವರು ಹಿಂದೆ ಬಂದು ನಿಂತು, ಹೆಂಡತಿ ಕುಡಿತ ಕಲಿತಳೆಂದು ಗೊತ್ತಾದವರ ಧ್ವನಿಯಲ್ಲಿ "ಕಾಫಿ ಬೇಕಾ?" ಅಂತ ಕೇಳಿದರು. ಅಗಲದ ಟೈರು ಹಾಕಿದ ಬಳಗದ ಗೆಳೆಯನ ಕಾರನ್ನು ಪಾರ್ಕಿಂಗಿನಲ್ಲಿ ತಿರುಗಿಸಿ ನೋಡಿದ ಮೇಲೆ ಆ ಕನಸು ಭುಜನೋವಾಗಿ ಉಳಿಯಿತು. ಪವರ್ ಸ್ಟಿಯರಿಂಗ್ ಇಲ್ಲದ ಕಾರಿಗೆ ಅಗಲದ ಟೈರು ಹಾಕುವುದೂ ಕೊಬ್ಬರಿ ಗಾಣ ತಿರುಗಿಸುವುದೂ ಒಂದೇ. ಸಾಲದ್ದಕ್ಕೆ ತೂಕ. ಹಳೆಯ ಹದಿನಾಲ್ಕು ಇಂಚಿನ ಅಲಾಯ್ ರಿಮ್ಮು ಸುಮಾರು ಐದೂವರೆ ಕಿಲೋ, ಅಷ್ಟೆ. ಚಕ್ರಕ್ಕೆ ಕೂಡಿದ ಭಾರವನ್ನು ಓಡಿಸುವಾಗಲೂ ತಳ್ಳಬೇಕು, ನಿಲ್ಲಿಸುವಾಗಲೂ ತಡೆಯಬೇಕು. ನೀರು ನಿಂತ ರಸ್ತೆಯಲ್ಲಿ ಅಗಲದ ಟೈರು ಬೇಗ ತೇಲುತ್ತದೆ ಎಂಬುದು ಬೇರೆ.

ಹಿಂದಿನ ಚಕ್ರಕ್ಕೆ ಮಾತ್ರ ಅಗಲ ಹಾಕಿದರೆ ಪೋರ್ಷೆ 911ರ ಹಾಗೆ ಕಾಣುತ್ತದಲ್ಲ ಎಂಬ ಆಸೆಯೂ ಬಂದುಹೋಯಿತು. ಆ ಕಾರಿನ ಎಂಜಿನ್ನು ಹಿಂದಿನ ಆಕ್ಸಲಿನಿಂದಲೂ ಆಚೆ ನೇತಾಡುತ್ತದೆ, ಹಿಂದೆ ಅಗಲ ಅದಕ್ಕೆ ಅನಿವಾರ್ಯ. ನನ್ನ ಕಾರಿನಲ್ಲಿ ಭಾರ ಹಿಂದೆ ಮುಂದೆ ಹೆಚ್ಚುಕಡಿಮೆ ಸಮ. ಹಿಂದೆ ಮಾತ್ರ ಹಿಡಿತ ಹೆಚ್ಚಿಸಿದರೆ ತಿರುವಿನಲ್ಲಿ ಮೂತಿ ನನ್ನ ಮಾತು ಕೇಳದೆ ನೇರ ಹೋಗುತ್ತದೆ. ಮಾತು ಕೇಳದವರು ಮನೆಯಲ್ಲಿ ಆಗಲೇ ಇದ್ದರು.

ಅಷ್ಟರಲ್ಲಿ ಅಮ್ಮ ಬಂದಿಳಿದರು, ಗೋಕುಲಾಷ್ಟಮಿಯೂ ಬಂತು. ಹಿಂದಿನ ದಿನ ಸಂಜೆ ಅಮ್ಮ ಬಾಗಿಲಿನಿಂದ ದೇವರ ಮನೆಯವರೆಗೆ ಕೃಷ್ಣನ ಹೆಜ್ಜೆ ಬರೆಯಲು ಅಕ್ಕಿಹಿಟ್ಟು ಕಲಸಿ ಬಟ್ಟಲಲ್ಲಿ ಇಟ್ಟಿದ್ದರು. ನಾನು ಬಟ್ಟಲನ್ನೂ ಒಂದು ಬ್ರಶ್ಶನ್ನೂ ಗ್ಯಾರೇಜಿಗೆ ಒಯ್ದೆ. ಕಾರಿನ ಮುಂಭಾಗವನ್ನು ಜಾಕಿನಲ್ಲಿ ಎತ್ತಿ, ಟೈರಿನ ಟ್ರೆಡ್ಡಿಗೆ ಹಿಟ್ಟು ಬಳಿದು, ಕೆಳಗೆ ರಟ್ಟು ಇಟ್ಟು, ಮೆಲ್ಲಗೆ ಇಳಿಸಿ ಮತ್ತೆ ಎತ್ತಿದೆ. ರಟ್ಟಿನ ಮೇಲೆ ಬೆಳ್ಳಗೆ ಗೀರುಗೀರಾಗಿ ಒಂದು ಅಚ್ಚು. ಗೆಳೆಯ ಎರವಲು ಕೊಟ್ಟ ಹದಿನೈದು ಇಂಚಿನ ಚಕ್ರ ಸಿಕ್ಕಿಸಿ ಇನ್ನೊಂದು ಅಚ್ಚು ತೆಗೆದೆ. ರಸ್ತೆಗೂ ಕಾರಿಗೂ ಇರುವ ಸಂಬಂಧ ಅಷ್ಟೇ: ಒಂದೊಂದು ಚಕ್ರಕ್ಕೆ ಅಂಗೈಯಗಲ. ಹಳೆಯದರ ಅಚ್ಚು ಸ್ವಲ್ಪ ಉದ್ದ, ಹೊಸದರದು ಅಗಲ, ಆದರೆ ಗಿಡ್ಡ.

ಬಟ್ಟಲು ಹುಡುಕುತ್ತ ಬಂದ ಅಮ್ಮ ರಟ್ಟು ನೋಡಿದರು. "ಕೃಷ್ಣನ ಪಾದ ಯಾಕೆ ಇಷ್ಟು ಚೌಕ ಬರೆದಿದೀಯ?" ವಿಷಯ ಹೇಳಿದೆ. ಬೈಯುವ ಬದಲು ಸ್ಕೇಲು ಕೇಳಿದರು. ಸಾವಿರ ಕಿಲೋ ಭಾರ ನಾಲ್ಕು ಚಕ್ರಕ್ಕೆ ಹಂಚಿ 250, ಗಾಳಿಯ ಒತ್ತಡ 26 ಪಿಎಸ್‌ಐ, ಅಂದರೆ ಚದರ ಸೆಂಟಿಮೀಟರಿಗೆ 1.83 ಕಿಲೋ. ಭಾಗಿಸಿದರೆ ಸುಮಾರು 137 ಚದರ ಸೆಂಟಿಮೀಟರು. "ಇದರಲ್ಲಿ ಟೈರಿನ ಅಗಲ ಎಲ್ಲಿ ಬಂತು? ಭಾರ ಅದೇ, ಗಾಳಿ ಅದೇ ಆದ್ರೆ ವಿಸ್ತೀರ್ಣವೂ ಅದೇ" ಅಂದರು. ಟೈರಿನ ಗೋಡೆಯ ಬಿಗುವೂ ಸ್ವಲ್ಪ ಭಾರ ಹೊರುತ್ತದೆ, ಅಷ್ಟು ಕರಾರುವಾಕ್ಕಲ್ಲ ಅಂತ ಗೊಣಗಿದೆ. ಬಾಗಿಲಲ್ಲಿ ನಿಂತಿದ್ದ ನಮ್ಮವರ ಮುಖದಲ್ಲಿ ಮದುವೆಯಾದ ಮೇಲೆ ಮೊದಲ ಸಲ ಅತ್ತೆಯ ಬಗ್ಗೆ ಭಕ್ತಿ ಕಂಡಿತು.

ನಾನೂ ಬಿಡಲಿಲ್ಲ. ಅಚ್ಚಿನ ಆಕಾರ ಮುಖ್ಯ. ಅಗಲವಾಗಿ ಗಿಡ್ಡವಾಗಿದ್ದರೆ, ಪಕ್ಕೆ ಕುಳ್ಳಾಗಿದ್ದರೆ, ಸ್ಟಿಯರಿಂಗ್ ತಿರುಗಿಸಿದ ತಕ್ಷಣ ಕಾರು ತಿರುಗುತ್ತದೆ, ಟೈರು ಓಲಾಡಿ ಯೋಚಿಸುತ್ತ ಕೂರುವುದಿಲ್ಲ. ಬ್ರೇಕು ಒತ್ತಿದಾಗ ಭಾರವೆಲ್ಲ ಮುಂದಕ್ಕೆ ವಾಲುತ್ತದೆ. ಆದರೆ ಟೈರಿನ ಮೇಲೆ ಭಾರ ಇಮ್ಮಡಿಯಾದರೆ ಹಿಡಿತ ಇಮ್ಮಡಿಯಾಗುವುದಿಲ್ಲ, ಅದಕ್ಕಿಂತ ಕಡಿಮೆಯೇ ಹೆಚ್ಚುತ್ತದೆ. ಅಗಲದ ಟೈರು ಆ ನಷ್ಟವನ್ನು ಸ್ವಲ್ಪ ತಡೆಯುತ್ತದೆ. ಅಮ್ಮ ತಲೆದೂಗಿದರು, ನಮ್ಮವರು ತೂಗಲಿಲ್ಲ. "ಹತ್ತು ಮಿಲಿಮೀಟರಿಗೆ ಇಷ್ಟೊಂದು ಭಾಷಣವಾ?" ಅಂದರು. ನಿಜ ಹೇಳಬೇಕೆಂದರೆ ಅಗಲ ಕಣ್ಣಿಗೆ, ನಿಲ್ಲಿಸುವುದು ರಬ್ಬರು. ಅದು ಗೊತ್ತಿದ್ದೂ ನಾನು ಅಗಲದ ಬಗ್ಗೆಯೇ ಮಾತಾಡುತ್ತಿದ್ದೆ, ಯಾಕೆಂದರೆ ಪಾರ್ಕಿಂಗ್ ಲಾಟಿನಲ್ಲಿ ಪಕ್ಕದವರಿಗೆ ಕಾಣುವುದು ಅಗಲವೇ.

ರಬ್ಬರಿನ ಮಾತು ಬಂದಾಗ ನಿಜವಾದ ಯುದ್ಧ ಶುರುವಾಯಿತು. ಅಮೆರಿಕದಲ್ಲಿ ಟೈರಿನ ಪಕ್ಕೆಗೆ ಟ್ರೆಡ್‌ವೇರ್ ಎಂಬ ಅಂಕಿ ಒತ್ತಿರುತ್ತಾರೆ. ಟೆಕ್ಸಸ್ಸಿನ ಸ್ಯಾನ್ ಆಂಜೆಲೊ ಸುತ್ತಿನ 400 ಮೈಲಿಯ ದಾರಿಯಲ್ಲಿ ಓಡಿಸಿ ಓಡಿಸಿ, ಒಂದು ಮಾದರಿ ಟೈರನ್ನು 100 ಎಂದು ಹಿಡಿದು, ಉಳಿದವು ಎಷ್ಟು ನಿಧಾನ ಸವೆಯುತ್ತವೆ ಅಂತ ಅಳೆದ ಲೆಕ್ಕ. ನನಗೆ ಬೇಕಾಗಿದ್ದು 200ರದು. ಮೆತ್ತಗೆ, ಅಂಟಂಟು, ಬೇಗ ಸವೆಯುವುದು. ನಮ್ಮವರು 500ರದು ಹಿಡಿದುಕೊಂಡರು. "ಇದಕ್ಕಿಂತ ಅದಕ್ಕೆ ಮಾರ್ಕು ಜಾಸ್ತಿ, ದುಡ್ಡು ಕಡಿಮೆ. ನೀನು ಬೇಕಂತಲೇ ಫೇಲಾದವನನ್ನ ಆರಿಸ್ತಾ ಇದೀಯ" ಅಂದರು. ಬ್ರೇಕು ನಿಲ್ಲಿಸುವುದು ಚಕ್ರವನ್ನು, ಕಾರನ್ನು ನಿಲ್ಲಿಸುವುದು ಟೈರು ಅಂತ ಎಷ್ಟು ಹೇಳಿದರೂ ಅವರ ಮನಸ್ಸು ಆ 500 ಬಿಟ್ಟು ಕದಲಲಿಲ್ಲ. ಕೊನೆಯ ಅಸ್ತ್ರವಾಗಿ, 2012ರಲ್ಲಿ ಟೊಯೊಟಾ 86 ಎಂಬ ಸ್ಪೋರ್ಟ್ಸ್ ಕಾರು ಬಂದಾಗ ಅದಕ್ಕೆ ಹಾಕಿದ್ದು 215/45 ಆರ್ 17ರ ಮಿಶೆಲಿನ್ ಪ್ರೈಮಸಿ, ಪ್ರಿಯಸ್ಸಿಗೆ ಹಾಕುತ್ತಿದ್ದ ಟೈರೇ, ಹಿಡಿತ ಬೇಕೆಂದೇ ಕಡಿಮೆ ಇಟ್ಟಿದ್ದರು ಎಂದು ಓದಿ ಹೇಳಿದೆ. ನನ್ನ ಉದ್ದೇಶ ಅದನ್ನು ಎಚ್ಚರಿಕೆಯಾಗಿ ಹೇಳುವುದಾಗಿತ್ತು. ಅವರು ಎದೆಯುಬ್ಬಿಸಿ ಹೊರಗೆ ಹೋಗಿ ತಮ್ಮ ಪ್ರಿಯಸ್ಸನ್ನು ಒಂದು ಸುತ್ತು ನೋಡಿ ಬಂದರು. ಅವತ್ತಿನಿಂದ ತಿರುವಿನಲ್ಲಿ ಗೇರು ಬದಲಿಸುವವರ ಹಾಗೆ ಕೈ ಆಡಿಸುತ್ತಾರೆ. ಅದರಲ್ಲಿ ಬದಲಿಸಲು ಗೇರೇ ಇಲ್ಲ.

ರಾಜಿ ಮಾಡಿಸಿದ್ದು ಅಮ್ಮ. ಅಳತೆ 195/50 ಆರ್ 15, ಟ್ರೆಡ್‌ವೇರ್ 200, ನಾಲ್ಕೂ ಒಂದೇ. ಬದಲಿಗೆ ನಾನು ಆ ವರ್ಷ ರೇಷ್ಮೆ ಸೀರೆ ಕೇಳಬಾರದು. ಕೇಳುವವಳೇ ಅಲ್ಲ ನಾನು, ಆದರೆ ಕಳೆದುಕೊಂಡವಳ ಹಾಗೆ ಮುಖ ಮಾಡಿದೆ. ಏಳು ಡಿಗ್ರಿಗಿಂತ ಕೆಳಗಿಳಿದರೆ ಈ ರಬ್ಬರು ಗಟ್ಟಿಯಾಗಿ ಜಾರುತ್ತದೆ ಎಂಬ ಅಂಶವನ್ನು ರಾಜಿಯಾದ ಮೇಲೆ ತಿಳಿಸಿದೆ. ಮಿಶಿಗನ್ನಿನಲ್ಲಿ ಅದು ಅರ್ಧ ವರ್ಷ. ಹಾಗಾಗಿ ಹಳೆಯ ಹದಿನಾಲ್ಕರ ರಿಮ್ಮುಗಳು ಚಳಿಗಾಲದ ಟೈರು ತೊಟ್ಟು ಬೇಸ್‌ಮೆಂಟಿನಲ್ಲಿ ಉಪ್ಪಿನಕಾಯಿ ಜಾಡಿಗಳ ಪಕ್ಕ ಕೂತವು. ಚಳಿಗಾಲದಲ್ಲಿ ಅವು ಮೇಲೆ ಬಂದು ಹದಿನೈದರವು ಕೆಳಗೆ ಹೋಗುತ್ತವೆ. ಹೊತ್ತುಕೊಂಡು ಮೆಟ್ಟಿಲು ಹತ್ತುವವರು ಯಾರೆಂದು ಬೇರೆ ಹೇಳಬೇಕಿಲ್ಲ, ಪುಣ್ಯಾತ್ಮರು ಹತ್ತುವಾಗ ಒಂದೊಂದರ ತೂಕವನ್ನೂ ಗಟ್ಟಿಯಾಗಿ ಹೇಳುತ್ತಾರೆ.

ಗಣೇಶನ ಹಬ್ಬದ ಕನ್ನಡ ಕೂಟದ ಊಟಕ್ಕೆ ನಮ್ಮ ಪಾಲಿನದು ಬಿಸಿಬೇಳೆಬಾತ್. ಡಿಕ್ಕಿಯಲ್ಲಿ ಬ್ಯಾಟರಿ, ಸ್ಟೆಪ್ನಿ ಬಿಟ್ಟರೆ ಒಂದು ಕೈಚೀಲ ಹಿಡಿಯುತ್ತದೆ. ಪ್ರಿಯಸ್ಸಿನಲ್ಲಿ ಇಡಿ ಅಂದರೆ ಅಮ್ಮ ಕೇಳಲಿಲ್ಲ. ಸೆರಗು ತಲೆಗೆ ಸುತ್ತಿ, ತೊಡೆಯ ಮೇಲೆ ಪಾತ್ರೆ ಇಟ್ಟುಕೊಂಡು, ಮೇಲೆ ಅಲ್ಯೂಮಿನಿಯಂ ಹಾಳೆ ಮುಚ್ಚಿ ನನ್ನ ಪಕ್ಕ ಕೂತರು. ಟಾಪು ತೆಗೆದಿದ್ದೆ. ಮುಂದಿನ ಬೀದಿಯಲ್ಲಿ ಅಳಿಲೊಂದು ರಸ್ತೆಗೆ ಹಾರಿ, ನಡುವೆ ನಿಂತು, ಹೋಗಲೋ ಬೇಡವೋ ಎಂದು ನಿರ್ಧರಿಸಲಾಗದೆ ಅಲ್ಲೇ ಕೂತಿತು. ಬ್ರೇಕು ಒತ್ತಿದೆ. ಚಕ್ರ ಜಾರಲಿಲ್ಲ, ಕಿರುಚಲಿಲ್ಲ, ಮೂತಿ ಅತ್ತಿತ್ತ ಆಗಲಿಲ್ಲ. ಕಾರು ನೆಲಕ್ಕೆ ಅಂಟಿದಂತೆ ನಿಂತಿತು. ಟೈರಿಗಿದ್ದ ಹಿಡಿತ ಬಿಸಿಬೇಳೆಬಾತಿಗೆ ಇರಲಿಲ್ಲ. ಅದು ಅದೇ ವೇಗದಲ್ಲಿ ಮುಂದುವರಿದು ಡ್ಯಾಶ್‌ಬೋರ್ಡು, ಗಾಜು, ರೇಡಿಯೊ ಎಲ್ಲವನ್ನೂ ತಲುಪಿತು. ಹಿಂದಿದ್ದ ಪ್ರಿಯಸ್ಸು ಆರಾಮಾಗಿ ನಿಂತಿತು. ನಮ್ಮವರು ಯಾವಾಗಲೂ ಮುಂದಿನ ಕಾರಿಗೆ ಒಂದು ಮೈದಾನದಷ್ಟು ಜಾಗ ಬಿಟ್ಟೇ ಓಡಿಸುವವರು. ಇಳಿದು ಬಂದು ಗಾಜಿನ ಮೇಲಿನ ಗೋಡಂಬಿ ನೋಡಿ, "ಎಷ್ಟು ಅಡಿಯಲ್ಲಿ ನಿಂತಿತು?" ಅಂತ ಕೇಳಿದರು.

"ಅದನ್ನ ಆಮೇಲೆ ಅಳೆಯೋಣ" ಅಂದರು ಅಮ್ಮ, ಮೂಗಿನ ಮೇಲಿನ ಕರಿಬೇವು ತೆಗೆಯುತ್ತ. "ಮೊದಲು ಇದಕ್ಕೆ ಗಟ್ಟಿ ಮುಚ್ಚಳದ ಪಾತ್ರೆ ತನ್ನಿ. ಅಳತೆ ನಾನು ಹೇಳ್ತೀನಿ."