ಅನುತ್ತರ ಮೀಮಾಂಸೆ

ಪ್ರಸ್ತುತ ಮಹಾಪ್ರಬಂಧವು ಭಾರತದ ಲೋಕಸಭೆಯಲ್ಲಿ ಬೆಳಗ್ಗೆ 11ರಿಂದ ಸಂಜೆ 6ರವರೆಗೆ ಸಂಭವಿಸುವ ವಾಗ್ವ್ಯಾಪಾರದ ಸಂರಚನಾತ್ಮಕ ಪರಿಪ್ರೇಕ್ಷ್ಯವನ್ನು ಶೋಧಿಸುವ ಪ್ರಪ್ರಥಮ ಪ್ರಯತ್ನವಾಗಿದೆ. (ಪ್ರಪ್ರಥಮ ಎನ್ನದಿದ್ದರೆ ಪಿಎಚ್‌.ಡಿ. ಕೊಡುವುದಿಲ್ಲ.) ಅಧ್ಯಯನ ವಿಧಾನ: ಸದನ ನಡೆದ ದಿನ ವಿವರಣಾತ್ಮಕ, ಗದ್ದಲದಲ್ಲಿ ಮುಂದೂಡಿದ ದಿನ ತುಲನಾತ್ಮಕ. ಅಧ್ಯಯನದ ಮಿತಿ: ಟಿವಿಯ ದನಿಯನ್ನು ಆಗಾಗ ತಗ್ಗಿಸಬೇಕಾಗಿ ಬಂದದ್ದು.

ಪ್ರಶ್ನೆಯು ದ್ವಿವಿಧ. ಚುಕ್ಕೆ ಗುರುತಿನದು, ಚುಕ್ಕೆ ಗುರುತಿಲ್ಲದ್ದು. ಚುಕ್ಕೆ ಇದ್ದರೆ ಸಚಿವರು ಎದ್ದುನಿಂತು ಬಾಯಲ್ಲಿ ಹೇಳಬೇಕು, ಉಪಪ್ರಶ್ನೆ ಕೇಳಿಸಿಕೊಳ್ಳಬೇಕು. ಇಲ್ಲದಿದ್ದರೆ ಕಾಗದವೇ ಸಾಕು. ದಿನಕ್ಕೆ ಚುಕ್ಕೆಯವು 20, ಚುಕ್ಕೆಯಿಲ್ಲದವು 230. ಸದಸ್ಯರು 15 ದಿನ ಮೊದಲೇ ನೋಟಿಸು ಕೊಟ್ಟು, ಚೀಟಿ ಎತ್ತುವಾಗ ಅದೃಷ್ಟ ಖುಲಾಯಿಸಿ, ಪಟ್ಟಿಯಲ್ಲಿ ಮೇಲಿನ ಸ್ಥಾನ ಸಿಕ್ಕಿ, ಆ ಹೊತ್ತಿಗೆ ಯಾರೂ ಸದನದ ಬಾವಿಗಿಳಿಯದಿದ್ದರೆ, ಪ್ರಶ್ನೆಯು ಸಚಿವರ ಕಿವಿಯನ್ನು ತಲುಪುವ ತಾತ್ತ್ವಿಕ ಸಾಧ್ಯತೆ ಇದೆ. ಇಪ್ಪತ್ತರಲ್ಲಿ ನಾಲ್ಕೈದು ಮುಗಿಯುವಷ್ಟರಲ್ಲಿ ಗಡಿಯಾರ ಹನ್ನೆರಡು ಹೊಡೆದು ಪ್ರಶ್ನೋತ್ತರ ವೇಳೆ ಮುಗಿಯುತ್ತದೆ.

ಇನ್ನು ಉತ್ತರ. ಇಲ್ಲಿಂದ ಶಾಸ್ತ್ರ ಗಹನವಾಗುತ್ತದೆ.

ಸೂತ್ರ: ಪ್ರತಿ ಪ್ರಶ್ನೆಗೂ ಉತ್ತರವಿರತಕ್ಕದ್ದು, ಪ್ರತಿ ಉತ್ತರದಲ್ಲೂ ಪ್ರಶ್ನೆಯಿರತಕ್ಕದ್ದಲ್ಲ.

ವೃತ್ತಿ: ಉತ್ತರವು ಪ್ರಶ್ನೆಯನ್ನು ಮುಟ್ಟದೆ ಅದರ ಸುತ್ತ ಪ್ರದಕ್ಷಿಣೆ ಬರುವಾಗ ಉಂಟಾಗುವ ರಸವನ್ನು ನಾವು ಅನುತ್ತರರಸವೆನ್ನುತ್ತೇವೆ. ಸ್ಥಾಯಿಭಾವ ನಿರ್ಲಿಪ್ತತೆ, ಸಂಚಾರಿಭಾವ ಕೆಮ್ಮು.

ಪ್ರಯೋಗ: ಮೊದಲನೆಯದು ಮಂಚಿಕಾಶ್ರಿತ. "(ಅ)ರಿಂದ (ಉ)ವರೆಗೆ: ಹೇಳಿಕೆಯನ್ನು ಸದನದ ಮೇಜಿನ ಮೇಲೆ ಇಡಲಾಗಿದೆ." ಪ್ರಶ್ನೆಯ ಐದು ಭಾಗಗಳಿಗೆ ಒಂದೇ ಮೇಜು. ಮೇಜಿನ ಧಾರಣಾಶಕ್ತಿಯ ಬಗ್ಗೆ ಪ್ರತ್ಯೇಕ ಅಧ್ಯಯನ ನಡೆಯಬೇಕಿದೆ. ಎರಡನೆಯದು ಸಂಗ್ರಹೋನ್ಮುಖ. "ಮಾಹಿತಿಯನ್ನು ಸಂಗ್ರಹಿಸಲಾಗುತ್ತಿದೆ." ನಿಯಮದ ಪ್ರಕಾರ ಇದು ಭರವಸೆ, ಮೂರು ತಿಂಗಳಲ್ಲಿ ಈಡೇರಬೇಕು. ಈಡೇರಿತೇ ಎಂದು ನೋಡಲು 1953ರಿಂದ ಭರವಸೆಗಳ ಸಮಿತಿ ಎಂಬುದೊಂದಿದೆ. ಕಾಲಾವಕಾಶ ಬೇಕೆಂದು ಸಚಿವಾಲಯ ಆ ಸಮಿತಿಯನ್ನೇ ಕೇಳಬಹುದು, ಭರವಸೆಯನ್ನು ಕೈಬಿಡಿ ಎಂದೂ ಕೇಳಬಹುದು. ಮೂರನೆಯದು ರಾಜ್ಯಾಂತರಿತ: "ಇದು ರಾಜ್ಯಗಳ ವಿಷಯ." ಅಡ್ಡಗೋಡೆಯ ಮೇಲೆ ದೀಪವಿಡುವ ನಮ್ಮ ದೇಸಿ ಪರಂಪರೆ ಇಲ್ಲಿ ಒಕ್ಕೂಟ ಸ್ವರೂಪ ಪಡೆದಿದೆ. ಗೋಡೆ ಕೇಂದ್ರದ್ದು, ದೀಪ ರಾಜ್ಯದ್ದು, ಎಣ್ಣೆ ಯಾರದೆಂದು ಜಿಎಸ್‌ಟಿ ಮಂಡಳಿ ನೋಡಿಕೊಳ್ಳುತ್ತದೆ.

ನಾಲ್ಕನೆಯದು ಅನುದ್ಭವ. "ಪ್ರಶ್ನೆ ಉದ್ಭವಿಸುವುದಿಲ್ಲ." ಇದನ್ನು ಪ್ರಾಗಭಾವ, ಪ್ರಧ್ವಂಸಾಭಾವ ಎಂದು ಒಡೆದು ಹದಿನಾರು ಪುಟ ಬರೆದಿದ್ದೆ. ಆಮೇಲೆ ಒಂದು ಉದಾಹರಣೆ ಬೇಕಾಯಿತು.

2020ರ ಸೆಪ್ಟೆಂಬರ್ 14. ಆ ಅಧಿವೇಶನದಲ್ಲಿ ಪ್ರಶ್ನೋತ್ತರ ವೇಳೆಯನ್ನೇ ಕೈಬಿಟ್ಟು ಲಿಖಿತ ಉತ್ತರವನ್ನಷ್ಟೇ ಉಳಿಸಿದ್ದರು. ಕೋವಿಡ್ ಲಾಕ್‌ಡೌನಿನಲ್ಲಿ ಊರಿಗೆ ಹೊರಟ ವಲಸೆ ಕಾರ್ಮಿಕರಲ್ಲಿ ಎಷ್ಟು ಜನ ಸತ್ತರು, ಅವರ ಮನೆಯವರಿಗೆ ಪರಿಹಾರ ಕೊಟ್ಟಿರಾ ಎಂಬುದು ಪ್ರಶ್ನೆ. ಕಾರ್ಮಿಕ ಸಚಿವಾಲಯದ ಉತ್ತರ: ಅಂಥ ದತ್ತಾಂಶ ಇರಿಸಿಕೊಂಡಿಲ್ಲ. ಮೇಲಿನ ಕಾರಣದಿಂದ ಪರಿಹಾರದ ಪ್ರಶ್ನೆ ಉದ್ಭವಿಸುವುದಿಲ್ಲ.

ತರ್ಕ ಎಷ್ಟು ನುಣುಪಾಗಿದೆ ನೋಡಿ. ಎಣಿಸಲಿಲ್ಲ, ಆದ್ದರಿಂದ ಸಾಯಲಿಲ್ಲ, ಆದ್ದರಿಂದ ಕೊಡಬೇಕಾಗಿಲ್ಲ. ಮೇ 8ರಂದು ಔರಂಗಾಬಾದಿನ ಬಳಿ ನಡೆದು ಸುಸ್ತಾಗಿ ಹಳಿಯ ಮೇಲೆ ಮಲಗಿದವರ ಮೇಲೆ ಗೂಡ್ಸ್ ರೈಲು ಹರಿದು 16 ಜನ ಸತ್ತದ್ದು ಇಡೀ ದೇಶಕ್ಕೆ ಗೊತ್ತಿತ್ತು. ರೊಟ್ಟಿ ಹಳಿಯ ನಡುವೆ ಬಿದ್ದಿತ್ತು. ಕಾರ್ಮಿಕರನ್ನು ಊರಿಗೆ ಒಯ್ದ ಶ್ರಮಿಕ್ ರೈಲುಗಳಲ್ಲಿ 97 ಮಂದಿ ಸತ್ತರೆಂದು ಅದೇ ವಾರ ರೈಲ್ವೆ ಸಚಿವರು ರಾಜ್ಯಸಭೆಗೆ ತಿಳಿಸಿದರು. ಅಂದರೆ ಎಣಿಸಲು ಬರುತ್ತಿತ್ತು! ರೈಲು ಹತ್ತಿ ಸತ್ತವರಿಗೆ ಲೆಕ್ಕ ಸಿಕ್ಕಿತು, ನಡೆದು ಸತ್ತವರು ಯಾವ ಇಲಾಖೆಗೂ ಸೇರಲಿಲ್ಲ.

ಮುಂದಿನ ವರ್ಷ ಜುಲೈ 20ಕ್ಕೆ ಕೋವಿಡ್ ರೋಗಿಗಳ ಆಮ್ಲಜನಕದ ಸರದಿ. ಕೊರತೆಯಿಂದ ಸಾವು ಸಂಭವಿಸಿದ್ದನ್ನು ರಾಜ್ಯಗಳು ನಿರ್ದಿಷ್ಟವಾಗಿ ವರದಿ ಮಾಡಿಲ್ಲ ಎಂಬ ಉತ್ತರ ರಾಜ್ಯಸಭೆಗೆ ಬಂತು. ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಮೇ 2ರ ರಾತ್ರಿ ಆಮ್ಲಜನಕ ಮುಗಿದು, 24 ಗಂಟೆಯೊಳಗೆ 24 ರೋಗಿಗಳು ಸತ್ತಿದ್ದರು. ಆಮ್ಲಜನಕವಿಲ್ಲದ್ದೇ ಕಾರಣವೆಂದು ನಮ್ಮ ಹೈಕೋರ್ಟ್ ನೇಮಿಸಿದ ಸಮಿತಿ ಅದೇ ತಿಂಗಳು ಹೇಳಿತ್ತು. ಅದು ಸಾಕಷ್ಟು ನಿರ್ದಿಷ್ಟವಾಗಿರಲಿಲ್ಲವೋ ಏನೋ.

ಈ ಎರಡು ಪ್ಯಾರಾಗಳಿಗೆ ನಮ್ಮ ಮಾರ್ಗದರ್ಶಕರು ಕೆಂಪು ಗೆರೆ ಎಳೆದು "ಭಾವಾವೇಶ, ಅಕಡೆಮಿಕ್ ಅಲ್ಲ" ಎಂದು ಬರೆದಿದ್ದಾರೆ. ಇರಲಿ, ಗೆರೆಯೂ ಅಲ್ಲೇ ಇರಲಿ. ಐದರಿಂದ ಹನ್ನೊಂದರವರೆಗಿನ ಬಗೆಗಳನ್ನು ಹೇಳುವ ಉಮೇದು ನನಗೀಗ ಉಳಿದಿಲ್ಲ.

ಮಧ್ಯಾಹ್ನದ ಮಾತನ್ನು ಬೇಗ ಮುಗಿಸುತ್ತೇನೆ. ಶೂನ್ಯವೇಳೆ ಎಂಬುದು ನಿಯಮಾವಳಿಯಲ್ಲೇ ಇಲ್ಲ, ಆದರೂ ಇದ್ದುದರಲ್ಲಿ ಜೀವಂತವಾಗಿರುವುದು ಅದೇ. ಶುಕ್ರವಾರ ಖಾಸಗಿ ಸದಸ್ಯರ ಮಸೂದೆಗಳು. ಅವುಗಳಲ್ಲೊಂದು ಕಾನೂನಾಗಿ ಹೊರಬಂದದ್ದು ಕಡೆಯ ಬಾರಿ 1970ರಲ್ಲಿ. ಬಜೆಟ್ಟಿಗೆ ಗಿಲೋಟಿನ್ ಎಂಬ ಯಂತ್ರವಿದೆ: 2023ರ ಮಾರ್ಚ್ 23ರಂದು ಸುಮಾರು 45 ಲಕ್ಷ ಕೋಟಿ ರೂಪಾಯಿಯ ಬೇಡಿಕೆಗಳು ಗದ್ದಲದ ನಡುವೆ, ಚರ್ಚೆಯಿಲ್ಲದೆ, ಕೆಲವೇ ನಿಮಿಷಗಳಲ್ಲಿ ಧ್ವನಿಮತದಿಂದ ಪಾಸಾದವು. ಮನೆಗೆ ಬಣ್ಣ ಬಳಿಸಲು ನಾವು ಇದಕ್ಕಿಂತ ಹೆಚ್ಚು ಹೊತ್ತು ಜಗಳವಾಡುತ್ತೇವೆ.

ಹಿಂದೆ ಎಲ್ಲವೂ ಚೆನ್ನಾಗಿತ್ತೆಂದು ಹೇಳುವ ಪೈಕಿ ನಾನಲ್ಲ. ಆದರೆ 1963ರ ಜಗಳವೊಂದು ನೆನಪಾಗುತ್ತದೆ. ಈ ದೇಶದ 27 ಕೋಟಿ ಜನ ದಿನಕ್ಕೆ ಮೂರಾಣೆಯಲ್ಲಿ ಬದುಕುತ್ತಿದ್ದಾರೆಂದು ಸಮಾಜವಾದಿ ನಾಯಕ ಲೋಹಿಯಾ ಸದನದಲ್ಲಿ ಹೇಳಿದರು. ಸರ್ಕಾರ ಇಲ್ಲ, ಹದಿನೈದಾಣೆ ಎಂದಿತು. ನೆಹರೂ ಎದುರಿಗೆ ಕೂತಿದ್ದರು. ಮೂರೋ ಹದಿನೈದೋ ಎಂದು ದೇಶವೆಲ್ಲ ಲೆಕ್ಕ ಹಾಕಿತು. ಸರ್ಕಾರದ ಅಂಕಿ ತಪ್ಪಾಗಿದ್ದಿರಬಹುದು, ಆದರೆ ಅಂಕಿಯೊಂದು ಇತ್ತು. ತಪ್ಪು ಅಂಕಿಯ ಜುಟ್ಟು ಹಿಡಿದು ಎಳೆಯಬಹುದು. ಇಲ್ಲದ ಅಂಕಿಗೆ ಜುಟ್ಟೆಲ್ಲಿ? ಆ ಲೋಹಿಯಾರ ಶಿಷ್ಯ ಜೆ.ಎಚ್. ಪಟೇಲರು 1967ರಲ್ಲಿ ಶಿವಮೊಗ್ಗದಿಂದ ಹೋಗಿ ಲೋಕಸಭೆಯಲ್ಲಿ ಮೊದಲ ಬಾರಿಗೆ ಕನ್ನಡದಲ್ಲಿ ಮಾತಾಡಿದರು. ಈಗ ಕನ್ನಡದಲ್ಲಿ ಕೇಳಿದರೆ ಅನುವಾದಕರಿದ್ದಾರೆ. "ದತ್ತಾಂಶ ಇರಿಸಿಕೊಂಡಿಲ್ಲ" ಎಂಬುದು ಯಾವ ಭಾಷೆಗೂ ಸಲೀಸಾಗಿ ಇಳಿಯುತ್ತದೆ.

ಇಷ್ಟು ಬರೆದ ಮೇಲೂ ಒಂದು ಪ್ರಭೇದ ವರ್ಗೀಕರಣಕ್ಕೆ ಸಿಗದೆ ಉಳಿದಿದೆ. 2023ರ ಡಿಸೆಂಬರ್ 13ರಂದು ಇಬ್ಬರು ಯುವಕರು ಗ್ಯಾಲರಿಯಿಂದ ಸದನದೊಳಗೆ ಜಿಗಿದು ಹಳದಿ ಹೊಗೆ ಬಿಟ್ಟರು. ಹೇಗಾಯಿತು, ಗೃಹ ಸಚಿವರು ಸದನಕ್ಕೆ ಹೇಳಲಿ ಎಂದು ಪಟ್ಟು ಹಿಡಿದ ವಿರೋಧ ಪಕ್ಷದವರಲ್ಲಿ ಎರಡೂ ಸದನ ಸೇರಿ 146 ಮಂದಿ ಅಮಾನತಾದರು. ಅವರೊಂದಿಗೆ ಅವರ ಹೆಸರಿನಲ್ಲಿದ್ದ ಪ್ರಶ್ನೆಗಳನ್ನೂ ಪಟ್ಟಿಯಿಂದ ತೆಗೆದರು. ಇವು ನೋಟಿಸು ಕೊಟ್ಟು, ಚೀಟಿಯಲ್ಲಿ ಗೆದ್ದು, ನಂಬರು ಪಡೆದು ಅಚ್ಚಾಗಿದ್ದ ಪ್ರಶ್ನೆಗಳು. ಉದ್ಭವಿಸಿದ್ದವು. 1860ರ ದಂಡಸಂಹಿತೆಯನ್ನು ಬದಲಿಸುವ ಮಸೂದೆ ಲೋಕಸಭೆಯಲ್ಲಿ ಪಾಸಾದದ್ದು ಈ ಅಮಾನತುಗಳ ನಡುವೆಯೇ, ಡಿಸೆಂಬರ್ 20ರಂದು. ವಿರೋಧ ಪಕ್ಷದ ಬೆಂಚುಗಳಲ್ಲಿ ಹೆಚ್ಚಿನವು ಖಾಲಿಯಿದ್ದುದರಿಂದ ಗದ್ದಲವೇನೂ ಆಗಲಿಲ್ಲ.