ತಾಯಂದಿರಿಗೆ ಸಮನ್ವಯಾಧಿಕಾರಿ ಹುದ್ದೆ ಮಂಜೂರು ಮಾಡುವ ಬಗ್ಗೆ

ಇವರಿಗೆ,
ಮಾನ್ಯ ಅಧ್ಯಕ್ಷರು, ಮಕ್ಕಳ ಆರೋಗ್ಯ ಕುರಿತ ಅಂತರ್‌ಇಲಾಖಾ ಸಮನ್ವಯ ಸಮಿತಿ (ಸಭೆ ಕರೆಯುವ ಸರದಿ ಈ ಸಲ ಯಾವ ಇಲಾಖೆಯದೋ ಆ ಇಲಾಖೆ), ಬೆಂಗಳೂರು.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಅವಗಾಹನೆಗೆ ತರಬಯಸುವುದೇನೆಂದರೆ, ಕರ್ನಾಟಕದಲ್ಲಿ ಮಕ್ಕಳ ಆರೋಗ್ಯ ನೋಡಿಕೊಳ್ಳುವ ಇಲಾಖೆಗಳ ನಡುವೆ ಸಮನ್ವಯವಿಲ್ಲ ಎಂಬುದು ಶುದ್ಧ ಅಪಪ್ರಚಾರ. ಸಮನ್ವಯ ಇದೆ. ದಿನಾ ನಡೆಯುತ್ತಿದೆ, ಸರ್ಕಾರಿ ರಜೆಯಲ್ಲೂ ನಡೆಯುತ್ತಿದೆ. ಅದನ್ನು ನಡೆಸುವವಳು ತಮ್ಮ ಸಮಿತಿಯ ಸದಸ್ಯೆಯಲ್ಲ, ಅಷ್ಟೇ. ಕೂಸನ್ನು ಕಂಕುಳಲ್ಲಿ ಎತ್ತಿಕೊಂಡು, ತಾಯಿ ಕಾರ್ಡನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು, ಒಂದು ಕಚೇರಿಯಲ್ಲಿ ಹೇಳಿದ್ದನ್ನು ಇನ್ನೊಂದು ಕಚೇರಿಗೆ ಮುಟ್ಟಿಸುವ ಕೂಲಿ ಹೆಣ್ಣುಮಗಳು ಆಕೆ. ಮಗುವನ್ನು ತೂಗುವ ತಕ್ಕಡಿ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯದು. ತೂಕ ಕಡಿಮೆ ಬಂದರೆ ನೋಡಬೇಕಾದ ವೈದ್ಯರು ಆರೋಗ್ಯ ಇಲಾಖೆಯವರು. ಕುಡಿಯುವ ನೀರು ಗ್ರಾಮೀಣಾಭಿವೃದ್ಧಿಗೆ ಸೇರಿದ್ದು. ಪಡಿತರ ಆಹಾರ ಇಲಾಖೆಗೆ. ಶಾಲೆಯ ಹಾಲು, ಮೊಟ್ಟೆ ಶಿಕ್ಷಣ ಇಲಾಖೆಗೆ. ಮಗು ಜೇನುಕುರುಬರ ಹಾಡಿಯಲ್ಲಿ ಹುಟ್ಟಿದ್ದರೆ ಪರಿಶಿಷ್ಟ ಪಂಗಡಗಳ ಕಲ್ಯಾಣ ಇಲಾಖೆಯೂ ಬಂದು ಸೇರಿಕೊಳ್ಳುತ್ತದೆ. ಇವಿಷ್ಟೂ ಒಂದೇ ಹೊಟ್ಟೆಗೆ ಸಂಬಂಧಿಸಿದವು ಎಂಬುದು ಆ ತಾಯಿಯೊಬ್ಬಳಿಗೇ ಗೊತ್ತು. ಆದಕಾರಣ ಆಕೆಗೆ ‘ಗ್ರಾಮ ಮಟ್ಟದ ಸಮನ್ವಯಾಧಿಕಾರಿ’ ಎಂಬ ಪದನಾಮ, ವೇತನ ಶ್ರೇಣಿ ಮತ್ತು ಪ್ರಯಾಣ ಭತ್ಯೆ ಮಂಜೂರು ಮಾಡಬೇಕೆಂದು ಕೋರುತ್ತೇನೆ. ಕಾರಣಗಳು ಈ ಕೆಳಗಿನಂತಿವೆ.

ಮೊದಲು ರಕ್ತದ ವಿಚಾರ. 2018ರಲ್ಲಿ ಆರಂಭವಾದ ರಕ್ತಹೀನತೆ ಮುಕ್ತ ಭಾರತ ಕಾರ್ಯಕ್ರಮದಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ ಮಗುವಿಗೆ ವಾರಕ್ಕೆರಡು ಸಲ ಕಬ್ಬಿಣಾಂಶದ ಸಿರಪ್. ಐದರಿಂದ ಒಂಬತ್ತರವರೆಗೆ ವಾರಕ್ಕೊಂದು ಗುಲಾಬಿ ಮಾತ್ರೆ. ಹತ್ತು ದಾಟಿದರೆ ನೀಲಿ ಮಾತ್ರೆ. ವೈದ್ಯಕೀಯವಾಗಿ ಇದರಲ್ಲಿ ತಪ್ಪೇನಿಲ್ಲ, ವಯಸ್ಸಿಗೆ ತಕ್ಕಂತೆ ಪ್ರಮಾಣ ಬದಲಾಗಲೇಬೇಕು. ಆದರೆ ಬಣ್ಣ ಬದಲಾದಾಗ ಹೊಣೆಯ ಕೈಯೂ ಬದಲಾಗುತ್ತದೆ. ಸಿರಪ್ ಬಾಟಲಿ ಆಶಾ ಕಾರ್ಯಕರ್ತೆಯ ಚೀಲದಲ್ಲಿ, ಗುಲಾಬಿ ಮಾತ್ರೆ ಶಾಲೆಯ ಬೀರುವಿನಲ್ಲಿ. ಆರು ತುಂಬಿದ ದಿನ ಮಗು ಅಂಗನವಾಡಿಯ ಹಾಜರಿಯಿಂದ ಬಿದ್ದು ಶಾಲೆಯ ಹಾಜರಿಗೆ ಏರಬೇಕು. ಬಿದ್ದದ್ದು ದಾಖಲಾಗುತ್ತದೆ. ಏರಿತೋ ಇಲ್ಲವೋ ಎಂದು ಬಿದ್ದ ಕಡೆಯವರು ವಿಚಾರಿಸಬೇಕಾಗಿಲ್ಲ, ಏರಬೇಕಾದ ಕಡೆಯವರಿಗೆ ಅದು ಗೊತ್ತಾಗುವುದೂ ಇಲ್ಲ. ಶಾಲೆಯ ಹೊರಗುಳಿದ ಮಗುವಿಗೆ ಆಶಾ ಮನೆಗೇ ಹೋಗಿ ಮಾತ್ರೆ ಕೊಡಬೇಕೆಂದು ಮಾರ್ಗಸೂಚಿ ಹೇಳುತ್ತದೆ. ಯಾವ ಮಗು ಹೊರಗುಳಿಯಿತೆಂದು ಆಕೆಗೆ ಹೇಳುವವರು ಯಾರೆಂಬುದೇ ಪ್ರಶ್ನೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದಲ್ಲಿ ಐದು ವರ್ಷದೊಳಗಿನ ಮಕ್ಕಳ ರಕ್ತಹೀನತೆ 2015-16ರಲ್ಲಿ ಶೇ 60.9 ಇತ್ತು, 2019-21ರ ಹೊತ್ತಿಗೆ ಶೇ 65.5. ಕಾರ್ಯಕ್ರಮಗಳು ಹೆಚ್ಚಿದವು, ರಕ್ತ ಕಡಿಮೆಯಾಯಿತು.

ಇನ್ನು ‘ರೆಫರ್’ ಎಂಬ ಮಹಾಮಂತ್ರ. 2013ರಿಂದ ನಡೆಯುತ್ತಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಸಂಚಾರಿ ತಂಡ ಅಂಗನವಾಡಿಗೆ ವರ್ಷಕ್ಕೆರಡು ಸಲ, ಶಾಲೆಗೆ ಒಂದು ಸಲ ಬರಬೇಕು. ಹುಟ್ಟು ನ್ಯೂನತೆ, ಕೊರತೆ, ಕಾಯಿಲೆ, ಬೆಳವಣಿಗೆಯ ವಿಳಂಬ ಎಲ್ಲವನ್ನೂ ಪತ್ತೆ ಹಚ್ಚಬೇಕು. ಯೋಚನೆ ಬಹಳ ಒಳ್ಳೆಯದು. ಕಿವಿ ಕೇಳದ ಮಗುವನ್ನು ಎರಡನೇ ವರ್ಷದಲ್ಲೇ ಗುರುತಿಸಿದರೆ ಅದರ ಬದುಕೇ ಬೇರೆಯಾಗುತ್ತದೆ. ತಂಡ ಗುರುತಿಸಿ ಚೀಟಿ ಬರೆಯುತ್ತದೆ. ಚೀಟಿ ಹರಿದು ತಾಯಿಯ ಕೈಗೆ ಬಂದ ಕ್ಷಣಕ್ಕೆ ತಂಡದ ಅಂಕಿಯಲ್ಲಿ ಒಂದು ‘ರೆಫರಲ್’ ಸೇರುತ್ತದೆ, ಇಲಾಖೆಯ ಪಾಲಿಗೆ ಕೆಲಸ ಮುಗಿಯುತ್ತದೆ. ತಾಯಿಯ ಕೆಲಸ ಶುರುವಾಗುವುದು ಆಗಲೇ. ಮುಂದಿನ ತಪಾಸಣೆಗೆ ಜಿಲ್ಲಾ ಕೇಂದ್ರಕ್ಕೆ ಹೋಗಬೇಕು. ಹುಣಸಗಿ ತಾಲೂಕಿನ ಅಂಚಿನ ಹಳ್ಳಿಯಿಂದ ಯಾದಗಿರಿಗೆ ಹೋಗಿ ಬರುವುದೆಂದರೆ ಒಂದಿಡೀ ದಿನ; ಹೋದ ದಿನ ತಜ್ಞರು ಇರಬೇಕು, ಇದ್ದರೆ ಯಂತ್ರ ಕೆಟ್ಟಿರಬಾರದು, ಸರಿಯಿದ್ದರೆ ಸರದಿ ಬರಬೇಕು. 2023ರ ಜೂನ್‌ನಿಂದ ಶಕ್ತಿ ಯೋಜನೆಯಿದೆ, ಹೆಣ್ಣುಮಕ್ಕಳಿಗೆ ಬಸ್ಸು ಉಚಿತ ಎಂದು ತಾವು ನೆನಪಿಸಬಹುದು. ನಿಜ, ಟಿಕೆಟ್ಟಿನ ಚಿಂತೆ ತಪ್ಪಿದ್ದು ಸಣ್ಣ ಸಂಗತಿಯಲ್ಲ. ಆದರೆ ಟಿಕೆಟ್ಟಿಗಿಂತ ದುಬಾರಿಯಾದದ್ದು ಆ ದಿನದ ಕೂಲಿ, ಅದಕ್ಕೆ ಶೂನ್ಯ ಚೀಟಿ ಇನ್ನೂ ಬಂದಿಲ್ಲ.

ತೋಳಿನ ಸುತ್ತಳತೆ 11.5 ಸೆಂಟಿಮೀಟರಿಗಿಂತ ಕಡಿಮೆ ಬಂದು ಪಟ್ಟಿ ಕೆಂಪು ತೋರಿಸಿದ ಮಗುವಿನ ಕತೆ ಇನ್ನೂ ಸೊಗಸು. ಇಂಥ ‘ಸ್ಯಾಮ್’ (ತೀವ್ರ ಅಪೌಷ್ಟಿಕ) ಮಗುವಿಗೆ ಕಾಯಿಲೆಯೂ ಜತೆಯಾಗಿದ್ದರೆ ಅದನ್ನು ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಸೇರಿಸಬೇಕು, ಸಾಮಾನ್ಯವಾಗಿ ಹದಿನಾಲ್ಕು ದಿನ, ತಾಯಿಯ ಸಮೇತ. ಮನೆಯಲ್ಲಿ ಇನ್ನಿಬ್ಬರು ಮಕ್ಕಳಿದ್ದರೆ ಅವರನ್ನು ಯಾವ ಇಲಾಖೆ ನೋಡಿಕೊಳ್ಳುತ್ತದೆ? ಆಕೆಯ ಕೂಲಿ ನಷ್ಟಕ್ಕೆ ಪರಿಹಾರ ಕೊಡುವ ವ್ಯವಸ್ಥೆಯೇನೋ ಇದೆ, ಆದರೆ ಅದು ಖಾತೆಗೆ ಬರುವ ದಿನವೂ ಒಲೆ ಉರಿಯಬೇಕಾದ ದಿನವೂ ಬೇರೆ ಬೇರೆ. ತಾಯಿ ಐದನೇ ದಿನ ಮಗುವನ್ನೆತ್ತಿಕೊಂಡು ಊರಿಗೆ ಹೊರಟರೆ ಕಡತದಲ್ಲಿ ‘ವೈದ್ಯಕೀಯ ಸಲಹೆ ಮೀರಿ ತೆರಳಿದರು’ ಎಂಬ ಷರಾ ಬೀಳುತ್ತದೆ. ಸಲಹೆ ಮೀರಿದ ಇಲಾಖೆಗಳ ಬಗ್ಗೆ ಇಂಥದೊಂದು ಷರಾ ಬರೆಯುವ ಪದ್ಧತಿ ನಮ್ಮಲ್ಲಿಲ್ಲ.

ತಮ್ಮ ಸಮಿತಿಯಿಂದ ಬರಬಹುದಾದ ಮೊದಲ ಆಕ್ಷೇಪಣೆ ನನಗೆ ಗೊತ್ತು: ಪೋಷಕರಲ್ಲಿ ಅರಿವಿನ ಕೊರತೆಯಿದೆ, ಮೂಢನಂಬಿಕೆಯಿದೆ. ಈ ವಾದವನ್ನು ಒಪ್ಪಿಬಿಡೋಣ ಎಂದರೆ ತಮ್ಮದೇ ಅಂಕಿಅಂಶ ಬಿಡುತ್ತಿಲ್ಲ. ಅದೇ ಎರಡು ಸಮೀಕ್ಷೆಗಳ ನಡುವೆ ರಾಜ್ಯದಲ್ಲಿ 12ರಿಂದ 23 ತಿಂಗಳ ಮಕ್ಕಳ ಪೂರ್ಣ ಲಸಿಕೆ ಶೇ 62.6ರಿಂದ ಶೇ 84.1ಕ್ಕೆ ಏರಿತು. ಅವೇ ಹಳ್ಳಿಗಳು, ಅದೇ ಆಶಾ, ಅವೇ ತಾಯಂದಿರು. ಜ್ವರ ಬರುತ್ತದೆ, ಮಗು ರಾತ್ರಿಯಿಡೀ ಅಳುತ್ತದೆ ಎಂದು ಗೊತ್ತಿದ್ದೂ ಸೂಜಿ ಚುಚ್ಚಿಸಿದ ಅರಿವು ಸಿರಪ್ ಬಾಟಲಿ ಕಂಡೊಡನೆ ಮಾಯವಾಯಿತೆ? ವ್ಯತ್ಯಾಸ ಇರುವುದು ಸೇವೆ ತಲುಪುವ ರೀತಿಯಲ್ಲಿ. ಲಸಿಕೆಗೆ ಒಂದೇ ಇಲಾಖೆ, ಒಂದೇ ಕಾರ್ಡು, ನಿಗದಿಯಾದ ದಿನ. ಬಾರದ ಮಗುವಿನ ಮನೆಗೆ ಇಲಾಖೆಯೇ ಹೋಗುತ್ತದೆ. ಅಲ್ಲಿ ಸಮನ್ವಯದ ಭಾರ ತಾಯಿಯ ಮೇಲಿಲ್ಲ. ಭಾರ ಆಕೆಯ ಮೇಲೆ ಬಿದ್ದ ಕಡೆಯಲ್ಲೆಲ್ಲ ಫಲಿತಾಂಶ ಕುಂಟುತ್ತಿದೆ: ಕುಬ್ಜತೆ ಶೇ 36.2ರಿಂದ 35.4ಕ್ಕೆ ಇಳಿದು ಅಲ್ಲೇ ನಿಂತಿತು. ಲಸಿಕೆ ಕೆಲವೇ ಸಲದ ಕೆಲಸ, ಪೋಷಣೆ ಸಾವಿರ ದಿನದ ತುತ್ತು, ಎರಡನ್ನೂ ಹೋಲಿಸುವುದು ಅನ್ಯಾಯ ಎನ್ನುವವರಿದ್ದಾರೆ. ಅವರ ಮಾತಿನಲ್ಲಿ ಹುರುಳಿದೆ. ರಕ್ತಹೀನತೆಗೆ ಬಡತನ, ಊಟ, ತಾಯಿಯ ಆರೋಗ್ಯ ಹೀಗೆ ಹಲವು ಬೇರುಗಳಿವೆ. ಆದರೆ ಆ ಮಾತು ನನ್ನ ಪರವಾಗಿಯೇ ಸಾಕ್ಷಿ ಹೇಳುತ್ತದೆ. ಸುಲಭದ ಕೆಲಸಕ್ಕೆ ಒಬ್ಬ ಹೊಣೆಗಾರರನ್ನು ಇಟ್ಟು, ಕಷ್ಟದ ಕೆಲಸವನ್ನು ಆರು ಇಲಾಖೆಗೆ ಹಂಚಿ, ಉಳಿದದ್ದನ್ನು ಕೂಲಿಯವಳ ಪಾಲಿಗೆ ಬಿಟ್ಟಿದ್ದೇವೆ.

ಎರಡನೆಯ ಉತ್ತರ ಆ್ಯಪ್. ಪೋಷಣ್ ಟ್ರ್ಯಾಕರ್ ಇದೆ, ಲಸಿಕೆಗೆ ಯು-ವಿನ್ ಇದೆ, ತಾಯಿ-ಮಗುವಿಗೆ ಆರ್‌ಸಿಎಚ್ ಪೋರ್ಟಲ್ ಇದೆ, ಶಾಲೆಗೆ ಸ್ಯಾಟ್ಸ್ ಇದೆ. ಮನೆಗೊಯ್ಯುವ ಆಹಾರದ ಪೊಟ್ಟಣ ಕೊಡುವ ಮುನ್ನ ಫಲಾನುಭವಿಯ ಮುಖ ಫೋನಿನಲ್ಲಿ ತಾಳೆಯಾಗಬೇಕೆಂಬ ನಿಯಮವೂ ಬಂದಿದೆ. ಅಂದರೆ ಹಸಿವಿನ ಮುಖವನ್ನು ಗುರುತಿಸುವ ಯಂತ್ರ ಕೊನೆಗೂ ಸಿದ್ಧವಾಗಿದೆ, ನೆಟ್‌ವರ್ಕ್ ಇದ್ದಲ್ಲಿ. ಈ ಆ್ಯಪ್‌ಗಳ ಇನ್ನೊಂದು ಗುಣವೆಂದರೆ ಅವು ರೋಗವನ್ನೇ ಇಳಿಸಬಲ್ಲವು: 2023ರಲ್ಲಿ ಜಾಗತಿಕ ಹಸಿವು ಸೂಚ್ಯಂಕವನ್ನು ತಿರಸ್ಕರಿಸುವಾಗ ಕೇಂದ್ರ ಸರ್ಕಾರ, ಸೂಚ್ಯಂಕ ಶೇ 18.7 ಎನ್ನುವ ಕೃಶತೆ ಪೋಷಣ್ ಟ್ರ್ಯಾಕರಿನಲ್ಲಿ ಶೇ 7.2ಕ್ಕಿಂತ ಕಡಿಮೆಯಿದೆ ಎಂದಿತು. ಯಾರೋ ಸುಳ್ಳು ಹೇಳುತ್ತಿದ್ದಾರೆ ಎಂದು ನಾನು ಭಾವಿಸುವುದಿಲ್ಲ. ಸಮೀಕ್ಷೆ ಮನೆ ಹುಡುಕಿಕೊಂಡು ಹೋಗಿ ಅಳೆಯುತ್ತದೆ, ಆ್ಯಪ್ ಬಂದ ಮಗುವನ್ನು ಅಳೆಯುತ್ತದೆ. ಬಾರದ ಮಗು ಆ್ಯಪ್‌ನ ಲೆಕ್ಕದಲ್ಲಿ ಕೃಶವೂ ಅಲ್ಲ, ಪುಷ್ಟವೂ ಅಲ್ಲ. ಸುಗ್ಗಿ ಮುಗಿದ ಮೇಲೆ ರಾಯಚೂರು, ಯಾದಗಿರಿ, ಕಲಬುರಗಿಯಿಂದ ಗುಳೆ ಹೋಗಿ ಬೆಂಗಳೂರಿನ ಕಟ್ಟಡಗಳ ಬುಡದ ಶೀಟಿನ ಮನೆಯಲ್ಲಿ ಮಲಗುವ ಕೂಸುಗಳು ಹೀಗೆ ಬಾರದವು. ವಲಸೆ ಹೋದ ಮಗುವನ್ನು ಹೊಸ ಅಂಗನವಾಡಿಗೆ ವರ್ಗಾಯಿಸುವ ಗುಂಡಿ ಆ್ಯಪ್‌ನಲ್ಲಿ ಇದೆ ಎಂದು ಒಪ್ಪುತ್ತೇನೆ. ಅದನ್ನು ಒತ್ತಿಸಲು ಗುರುತಿಲ್ಲದ ಊರಿನಲ್ಲಿ ಅಂಗನವಾಡಿ ಹುಡುಕಿಕೊಂಡು ಹೋಗಬೇಕಾದವಳು ಮತ್ತೆ ನಮ್ಮ ಸಮನ್ವಯಾಧಿಕಾರಿಯೇ.

ಎಲ್ಲರಿಗೂ ಒಂದೇ ನಿಯಮ, ಇದಕ್ಕಿಂತ ನ್ಯಾಯ ಬೇಕೆ ಎಂಬ ಮೂರನೆಯ ಆಕ್ಷೇಪಣೆಗೆ ಬರುತ್ತೇನೆ. ನಿಯಮ ಒಂದೇ, ನಿಜ. ಅದನ್ನು ಪೂರೈಸಲು ತೆರಬೇಕಾದ ಬೆಲೆ ಒಂದೇ ಅಲ್ಲ. ಜಿಲ್ಲಾಸ್ಪತ್ರೆಯಿಂದ ನಡೆದು ಹೋಗುವಷ್ಟು ದೂರದಲ್ಲಿರುವ ಮಗುವಿಗೂ, ಎರಡು ಬಸ್ಸು ಬದಲಿಸಬೇಕಾದ ಮಗುವಿಗೂ ಒಂದೇ ಚೀಟಿ ಕೊಟ್ಟು ಸಮಾನತೆ ಎನ್ನುವುದು ನರಿ ಕೊಕ್ಕರೆಗೆ ತಟ್ಟೆಯಲ್ಲಿ ಪಾಯಸ ಬಡಿಸಿದಂತೆ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲೇ 114 ತಾಲೂಕುಗಳನ್ನು ಹಿಂದುಳಿದವೆಂದು ಗುರುತಿಸಿ, ಅವುಗಳಲ್ಲಿ 39 ಅತ್ಯಂತ ಹಿಂದುಳಿದವು ಎಂದಿತು. ಆ 39ರಲ್ಲಿ 26 ಉತ್ತರ ಕರ್ನಾಟಕದವು. ರಾಯಚೂರಿನ ಮಕ್ಕಳ ಅಪೌಷ್ಟಿಕತೆಯ ಸಾವುಗಳು ಸುದ್ದಿಯಾದ ಮೇಲೆ ಹೈಕೋರ್ಟ್ ಮಧ್ಯಪ್ರವೇಶಿಸಿ ನ್ಯಾಯಮೂರ್ತಿ ಎನ್.ಕೆ. ಪಾಟೀಲ್ ನೇತೃತ್ವದ ಸಮಿತಿ ಬಂತು. ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371ಜೆ ವಿಧಿ ಬಂತು. ಇಷ್ಟೆಲ್ಲ ಬಂದ ಮೇಲೂ ಐದನೇ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಯಾದಗಿರಿಯ ಐದು ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಕುಬ್ಜರು. ಯಾವ ತಾಲೂಕಿಗೆ ಮೊದಲು ಕೊಡಬೇಕು ಎಂಬುದು ಇಪ್ಪತ್ತು ವರ್ಷಗಳಿಂದ ಗೊತ್ತಿರುವ ರಾಜ್ಯದ ಪರಿಸ್ಥಿತಿ ಇದು.

ದುಡ್ಡಿನ ಮಾತನ್ನು ಬೇಗ ಮುಗಿಸುತ್ತೇನೆ. ಪೂರಕ ಪೌಷ್ಟಿಕ ಆಹಾರಕ್ಕೆ ಕೇಂದ್ರ 2017ರಲ್ಲಿ ನಿಗದಿಪಡಿಸಿದ ದರ ಮಗುವಿಗೆ ದಿನಕ್ಕೆ 8 ರೂಪಾಯಿ. ಅದು ತೀವ್ರ ಅಪೌಷ್ಟಿಕ ಮಗುವಾದರೆ 12. ಸಾವಿನ ಅಂಚಿಗೆ ಸರಿದ ಮಗುವಿಗೂ ಸರಿಯದ ಮಗುವಿಗೂ ನಡುವಿನ ಅಂತರ ನಾಲ್ಕು ರೂಪಾಯಿ ಎಂದು ಲೆಕ್ಕ ಹಾಕಿದವರ ನಿಖರತೆಗೆ ನಮಸ್ಕಾರ. ದರ ಏರಿಸುವುದಾಗಿ 2025ರ ಬಜೆಟ್ ಭಾಷಣ ಹೇಳಿತು. ಅದೇ ವರ್ಷದ ಜನವರಿಯ ಚಳಿಯಲ್ಲಿ ರಾಜ್ಯದ ಆಶಾ ಕಾರ್ಯಕರ್ತೆಯರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಮಲಗಿ ಗೌರವಧನ ಹೆಚ್ಚಿಸಿ ಎಂದು ಕೇಳುತ್ತಿದ್ದರು. ಅಂಗನವಾಡಿಯಲ್ಲಿ, ಆಶಾದಲ್ಲಿ ದುಡಿಯುವವರಿಗೆ ಸಿಗುವುದು ‘ಗೌರವಧನ’, ತಾಯಿಗೆ ಅದೂ ಇಲ್ಲ. ಕೆಳಗಿಳಿದಂತೆ ಧನ ಕಡಿಮೆಯಾಗಿ ಗೌರವದ ಮಾತೇ ಹೆಚ್ಚಾಗುತ್ತದೆ.

ಹುದ್ದೆ ಮಂಜೂರು ಮಾಡಲು ಆರ್ಥಿಕ ಇಲಾಖೆ ಒಪ್ಪುವುದಿಲ್ಲ ಎಂದಾದರೆ ಬದಲಿ ವ್ಯವಸ್ಥೆಯೊಂದಿದೆ, ಅದಕ್ಕೆ ಖರ್ಚೂ ಕಡಿಮೆ. ರೆಫರ್ ಮಾಡಿದ ದಿನವನ್ನಲ್ಲ, ಚಿಕಿತ್ಸೆ ಮುಗಿದ ದಿನವನ್ನು ಲೆಕ್ಕಕ್ಕೆ ಹಿಡಿಯಿರಿ. ತಾಲೂಕಿಗೊಬ್ಬ ಅಧಿಕಾರಿಯ ಹೆಸರನ್ನು ಅಂಗನವಾಡಿಯ ಗೋಡೆಯ ಮೇಲೆ ಬರೆಸಿ, ಮುಗಿಯದ ಪ್ರತಿ ಚೀಟಿಗೂ ಆ ಒಬ್ಬರೇ ಉತ್ತರ ಕೊಡಲಿ, ಅವರು ಯಾವ ಇಲಾಖೆಯವರಾದರೂ ಸರಿ. ಆರು ತುಂಬಿ ಅಂಗನವಾಡಿ ಬಿಟ್ಟ ಮಕ್ಕಳ ಪಟ್ಟಿಯನ್ನು ಪ್ರತಿ ಜೂನ್‌ನಲ್ಲಿ ಶಾಲೆಯ ಪಟ್ಟಿಯೊಡನೆ ತಾಳೆ ನೋಡಿ, ಕಾಣೆಯಾದವರ ಹೆಸರನ್ನು ಆಶಾ ಕೈಗೆ ಕೊಡಿ. ಪುನಶ್ಚೇತನ ಕೇಂದ್ರದಲ್ಲಿ ತಾಯಿಯ ಕೂಲಿಯನ್ನು ಅಂದಂದೇ ಕೊಡಿ. ತಜ್ಞರ ಖಾಲಿ ಹುದ್ದೆ ತುಂಬುವಾಗ ನಂಜುಂಡಪ್ಪ ವರದಿಯ ಪಟ್ಟಿಯನ್ನು ಕೆಳಗಿನಿಂದ ಓದಿ. ಇವುಗಳಲ್ಲಿ ಯಾವುದಕ್ಕೂ ಹೊಸ ಆ್ಯಪ್ ಬೇಕಾಗಿಲ್ಲ, ಮುಂದಿನ ಸಭೆಯೂ ಬೇಕಾಗಿಲ್ಲ.

ಇದೂ ಆಗದೆಂದರೆ ಹುದ್ದೆಯ ಆದೇಶವನ್ನೇ ಹೊರಡಿಸಿ. ದೇಶದ ಮೊದಲ 33 ಐಸಿಡಿಎಸ್ (ಸಮಗ್ರ ಶಿಶು ಅಭಿವೃದ್ಧಿ) ಯೋಜನೆಗಳಲ್ಲಿ ಒಂದಾಗಿ ನಮ್ಮ ರಾಜ್ಯದ ಟಿ. ನರಸೀಪುರದಲ್ಲಿ ಈ ಕೆಲಸ ಶುರುವಾದದ್ದು 1975ರಲ್ಲಿ. ತಾಯಂದಿರ ಹಿಂಬಾಕಿ ವೇತನವನ್ನು ಆ ವರ್ಷದ ಅಕ್ಟೋಬರ್ 2ರಿಂದ ಲೆಕ್ಕ ಹಾಕತಕ್ಕದ್ದು.

ತಮ್ಮ ವಿಶ್ವಾಸಿ,
ರಾಜ್ಯದ ಒಬ್ಬ ತೆರಿಗೆದಾರ