ಸಮಿತಿ ಕೊಠಡಿಯ ಕೀಲಿಕೈ ಯಾರ ಬಳಿ?

ಕರ್ನಾಟಕದಿಂದ ಲೋಕಸಭೆಗೆ ಹೋದ 28 ಸದಸ್ಯರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

2024ರಲ್ಲಿ ನಿಮ್ಮಲ್ಲಿ 17 ಮಂದಿಯನ್ನು ಬಿಜೆಪಿಯಿಂದ, 9 ಮಂದಿಯನ್ನು ಕಾಂಗ್ರೆಸ್ಸಿನಿಂದ, ಇಬ್ಬರನ್ನು ಜೆಡಿಎಸ್‌ನಿಂದ ಆರಿಸಿ ಕಳಿಸಿದೆವು. ಈ ಪತ್ರ ಎಲ್ಲರಿಗೂ ಸೇರಿದ್ದು. ಆ ಚುನಾವಣೆಯಲ್ಲಿ ಯಾವ ಪಕ್ಷವೂ ಬಹುಮತದ 272 ಮುಟ್ಟಲಿಲ್ಲ. ಬಿಜೆಪಿ 240ಕ್ಕೆ ನಿಂತಿತು. ಹತ್ತು ವರ್ಷ ಒಂದೇ ಪಕ್ಷದ ಬಹುಮತ ಕಂಡ ಸಂಸತ್ತಿನಲ್ಲಿ ಮಸೂದೆಗಳನ್ನು ಪರಿಶೀಲಿಸುವ ಸಮಿತಿಗಳಿಗೆ ಮತ್ತೆ ಜೀವ ಬರಬೇಕಿತ್ತು. ಬಂದಿತೇ?

ವಕ್ಫ್ ತಿದ್ದುಪಡಿ ಮಸೂದೆ ಜಂಟಿ ಸಂಸದೀಯ ಸಮಿತಿಗೆ ಹೋಯಿತು, ಒಳ್ಳೆಯದೇ. ಸಮಿತಿಯ ಅಧ್ಯಕ್ಷರು ನಮ್ಮ ಹುಬ್ಬಳ್ಳಿ, ವಿಜಯಪುರಕ್ಕೂ ಬಂದು, ಜಮೀನು ವಕ್ಫ್‌ಗೆ ಸೇರಿದ್ದೆಂಬ ನೋಟಿಸು ಪಡೆದ ರೈತರ ಅಹವಾಲು ಕೇಳಿದರು. ಆದರೆ 2025ರ ಜನವರಿಯಲ್ಲಿ ಪ್ರತಿಪಕ್ಷದ ಹತ್ತು ಸದಸ್ಯರನ್ನು ಒಂದು ದಿನದ ಮಟ್ಟಿಗೆ ಸಭೆಯಿಂದ ಹೊರಗಿಟ್ಟರು. ಮೂರು ದಿನಗಳ ಬಳಿಕ ತಿದ್ದುಪಡಿಗಳು ಮತಕ್ಕೆ ಬಂದವು. ಆಳುವ ಮೈತ್ರಿಕೂಟದ ಸದಸ್ಯರು ತಂದ 14 ತಿದ್ದುಪಡಿಗಳು ಪಾಸಾದವು, ಪ್ರತಿಪಕ್ಷದ್ದು ಒಂದೂ ಉಳಿಯಲಿಲ್ಲ. ಮಸೂದೆಯ ಪರವೋ ವಿರೋಧವೋ, ಆ ಚರ್ಚೆ ಬೇರೆ. ತಿಂಗಳುಗಟ್ಟಲೆ ಸಾಕ್ಷ್ಯ ಕೇಳಿದ ಮೇಲೂ ಒಬ್ಬ ಸದಸ್ಯರ ಮನಸ್ಸೂ ಅತ್ತಿತ್ತ ಕದಲದಿದ್ದರೆ ಆ ಸಾಕ್ಷ್ಯ ಕೇಳಿದ್ದು ಯಾರಿಗಾಗಿ?

ಸಂಖ್ಯೆ ಕಡಿಮೆಯಿದ್ದ ಸರ್ಕಾರಗಳು ಬೇರೆ ಥರ ನಡೆದುಕೊಂಡ ಉದಾಹರಣೆಗಳಿವೆ, ಅವುಗಳಲ್ಲೊಂದು ನಮ್ಮವರದೇ. 1996ರಲ್ಲಿ ಹರದನಹಳ್ಳಿಯ ದೇವೇಗೌಡರು ಪ್ರಧಾನಿಯಾಗಿದ್ದಾಗ ಕಾಂಗ್ರೆಸ್ಸಿನ ಹೊರಬೆಂಬಲವಿಲ್ಲದೆ ಆ ಸರ್ಕಾರಕ್ಕೆ ಉಸಿರಿರಲಿಲ್ಲ. ಸೆಪ್ಟೆಂಬರ್‌ನಲ್ಲಿ ಮಹಿಳಾ ಮೀಸಲಾತಿ ಮಸೂದೆ ಮಂಡನೆಯಾಯಿತು, ಸಿಪಿಐನ ಗೀತಾ ಮುಖರ್ಜಿ ಅಧ್ಯಕ್ಷತೆಯ ಜಂಟಿ ಸಮಿತಿಗೆ ಹೋಯಿತು. ಡಿಸೆಂಬರ್‌ಗೆ ವರದಿ ಬಂತು. ಹಿಂದುಳಿದ ವರ್ಗಗಳ ಮಹಿಳೆಯರಿಗೂ ಮುಂದೆ ಮೀಸಲು ಕೊಡುವ ಬಗ್ಗೆ ಯೋಚಿಸಬೇಕೆಂಬ ಸಲಹೆ ಅದರಲ್ಲಿತ್ತು. ಆ ಮಸೂದೆ ಕಾನೂನಾಗಲಿಲ್ಲ ನಿಜ, ಆದರೆ ಆ ವರದಿಯ ಮಾತುಗಳು ಇಂದಿಗೂ ಚರ್ಚೆಯಲ್ಲಿವೆ.

ಅದೇ ವಿಷಯ 2023ರಲ್ಲಿ ಮತ್ತೆ ಬಂತು. ಲೋಕಸಭೆಯಲ್ಲಿ ಬಿಜೆಪಿಗೆ 303 ಸ್ಥಾನ ಕೊಟ್ಟ ಚುನಾವಣೆಯಿಂದ ಹುಟ್ಟಿದ ಸದನ ಅದು. ಸೆಪ್ಟೆಂಬರ್ 19ಕ್ಕೆ ಮಂಡನೆ, 20ಕ್ಕೆ ಲೋಕಸಭೆಯ ಒಪ್ಪಿಗೆ, 21ಕ್ಕೆ ರಾಜ್ಯಸಭೆಯದು. ಯಾವ ಸಮಿತಿಯೂ ನೋಡಲಿಲ್ಲ. ಜನಗಣತಿ ಮತ್ತು ಕ್ಷೇತ್ರ ಮರುವಿಂಗಡಣೆ ಮುಗಿದ ಮೇಲೆ ಜಾರಿ ಎಂಬ ಷರತ್ತು ಅದರೊಳಗಿತ್ತು. ಮರುವಿಂಗಡಣೆ ಎಂದರೆ, ಲೋಕಸಭೆಯಲ್ಲಿ ತಮ್ಮ ಪಾಲು ಕುಗ್ಗೀತೆಂದು ದಕ್ಷಿಣದ ರಾಜ್ಯಗಳ ಎದೆ ಧಸಕ್ಕೆನ್ನುತ್ತದೆ. ಆ ಷರತ್ತು ಏಕೆ ಎಂದು ಅಧಿಕಾರಿಗಳನ್ನು ಎದುರು ಕೂರಿಸಿಕೊಂಡು ಕೇಳಬೇಕಾದ ಜಾಗ ಸಮಿತಿಯಾಗಿತ್ತು. ಕರ್ನಾಟಕದ ಪ್ರತಿನಿಧಿಗಳಿಗೆ ಆ ಅವಕಾಶವೇ ಸಿಗಲಿಲ್ಲ, ಬೇಕೆಂದು ಹಟ ಹಿಡಿದವರೂ ಕಾಣಲಿಲ್ಲ.

15ನೇ ಲೋಕಸಭೆಯಲ್ಲಿ ನೂರಕ್ಕೆ ಸುಮಾರು 70 ಮಸೂದೆಗಳು ಸಮಿತಿಗೆ ಹೋಗುತ್ತಿದ್ದವು. 16ನೆಯದರಲ್ಲಿ ಅದು ಸುಮಾರು ಕಾಲು ಭಾಗಕ್ಕೆ ಕುಸಿಯಿತು, 17ನೆಯದರಲ್ಲಿ ನೂರಕ್ಕೆ ಸುಮಾರು 16ಕ್ಕೆ. 2020ರ ಕೃಷಿ ಮಸೂದೆಗಳು ಸಮಿತಿ ಕಾಣದೆ ಕಾನೂನಾದವು. ಒಂದು ವರ್ಷ ರೈತರು ದೆಹಲಿಯ ಗಡಿಯಲ್ಲಿ ಚಳಿ, ಮಳೆ, ಬಿಸಿಲಿಗೆ ಕೂತರು, ಕೊನೆಗೆ ಸರ್ಕಾರವೇ ಅವನ್ನು ಹಿಂಪಡೆಯಿತು.

ಕಾಂಗ್ರೆಸ್ಸಿನ ಒಂಬತ್ತು ಮಂದಿಗೆ ಇದನ್ನೆಲ್ಲ ಓದಿ ಸಮಾಧಾನವಾಗಬಾರದು. 400ಕ್ಕೂ ಹೆಚ್ಚು ಸ್ಥಾನಗಳ ಬಲದಲ್ಲಿ ನಿಮ್ಮ ಪಕ್ಷ 1987ರಲ್ಲಿ ಬೊಫೋರ್ಸ್ ಫಿರಂಗಿ ಖರೀದಿ ಹಗರಣದ ತನಿಖೆಗೆ ಜಂಟಿ ಸಮಿತಿ ರಚಿಸಿತು. ಚಿಕ್ಕೋಡಿಯಿಂದ ಗೆದ್ದಿದ್ದ ಬಿ. ಶಂಕರಾನಂದ ಅದರ ಅಧ್ಯಕ್ಷರು. ಪ್ರಮುಖ ಪ್ರತಿಪಕ್ಷಗಳು ಹೊರಗುಳಿದವು, ವರದಿಯನ್ನು ದೇಶ ನಂಬಲಿಲ್ಲ. 2011ರಲ್ಲಿ ಬಿಜೆಪಿಯ ಮುರಳಿ ಮನೋಹರ ಜೋಶಿಯವರ ಲೆಕ್ಕಪತ್ರ ಸಮಿತಿ 2ಜಿ ತರಂಗಾಂತರ ಹಂಚಿಕೆಯ ವರದಿ ಸಿದ್ಧಪಡಿಸಿದಾಗ ಆಗ ಆಳುತ್ತಿದ್ದ ನಿಮ್ಮ ಮೈತ್ರಿಕೂಟದ ಸದಸ್ಯರು ಏನು ಮಾಡಿದರೆಂದು ನೆನಪಿದೆಯೇ? ಜೋಶಿ ಎದ್ದು ಹೋದ ಮೇಲೆ ತಮ್ಮವರೊಬ್ಬರನ್ನು ಅಧ್ಯಕ್ಷರ ಕುರ್ಚಿಯಲ್ಲಿ ಕೂರಿಸಿ ಕರಡು ವರದಿಯನ್ನು ತಿರಸ್ಕರಿಸಿದರು. ಲೆಕ್ಕಪತ್ರ ಸಮಿತಿಯನ್ನು ಪ್ರತಿಪಕ್ಷಕ್ಕೆ ಬಿಟ್ಟುಕೊಡುವ ಸಂಪ್ರದಾಯ 1967ರಲ್ಲಿ ಮಿನೂ ಮಸಾನಿಯವರಿಂದ ಶುರುವಾದದ್ದು. ಅಧ್ಯಕ್ಷಗಿರಿ ಕೊಟ್ಟರೂ ತಲೆ ಎಣಿಸಿ ಬಾಯಿ ಮುಚ್ಚಿಸಬಹುದು ಎಂದು ಅಂದು ತೋರಿಸಿಕೊಟ್ಟವರು ನೀವು. 2025ರಲ್ಲಿ, ಬಂಧನದಲ್ಲಿರುವ ಮಂತ್ರಿಗಳನ್ನು ಹುದ್ದೆಯಿಂದ ತೆಗೆಯುವ ಸಂವಿಧಾನದ 130ನೇ ತಿದ್ದುಪಡಿ ಮಸೂದೆಯ ಸಮಿತಿಯನ್ನು ಪ್ರತಿಪಕ್ಷಗಳಲ್ಲಿ ಹೆಚ್ಚಿನವು ಬಹಿಷ್ಕರಿಸಿದವು. ಖಾಲಿ ಕುರ್ಚಿ ಭಿನ್ನಮತದ ಟಿಪ್ಪಣಿ ಬರೆಯುವುದಿಲ್ಲ. ಇದು ನನಗೆ ನೋವು ತರುವ ಸಂಗತಿ.

ಆಡಳಿತ ಪಕ್ಷದ ಶಾಸಕ ಸಮಿತಿಯಲ್ಲಿ ನಿಷ್ಠುರವಾಗಿ ನಡೆಯಬಲ್ಲ ಎಂಬುದಕ್ಕೆ ದೂರ ಹುಡುಕಬೇಕಿಲ್ಲ. 2004ರಲ್ಲಿ ನಮ್ಮ ವಿಧಾನಸಭೆ ಅತಂತ್ರವಾಗಿತ್ತು. ಆ ವಿಧಾನಸಭೆಯ ಅವಧಿಯಲ್ಲಿ ರಚನೆಯಾದ ಜಂಟಿ ಸದನ ಸಮಿತಿಗೆ ಜೆಡಿಎಸ್‌ನ ಎ.ಟಿ. ರಾಮಸ್ವಾಮಿ ಅಧ್ಯಕ್ಷರಾದರು. ಬೆಂಗಳೂರು ನಗರ ಜಿಲ್ಲೆಯೊಂದರಲ್ಲೇ 27 ಸಾವಿರ ಎಕರೆಗೂ ಹೆಚ್ಚು ಸರ್ಕಾರಿ ಭೂಮಿ ಒತ್ತುವರಿಯಾಗಿದೆ ಎಂದು ಅವರ ಸಮಿತಿ 2007ರಲ್ಲಿ ಬರೆದು ಸದನದ ಮುಂದಿಟ್ಟಿತು. ಆಗ ಮುಖ್ಯಮಂತ್ರಿಯಾಗಿದ್ದವರು ಅವರದೇ ಪಕ್ಷದ ಕುಮಾರಸ್ವಾಮಿ. ಇತ್ತ, 135 ಸ್ಥಾನ ಗೆದ್ದ ಕಾಂಗ್ರೆಸ್ ಸರ್ಕಾರವೂ 2024ರಲ್ಲಿ ಗ್ರೇಟರ್ ಬೆಂಗಳೂರು ಮಸೂದೆಯನ್ನು ಒಮ್ಮೆಲೇ ಪಾಸು ಮಾಡಿಸದೆ ಸದನ ಸಮಿತಿಗೆ ಒಪ್ಪಿಸಿತು. ಬಹುಮತ ಇದ್ದವರೂ ಕಾಯಬಲ್ಲರು, ಮನಸ್ಸಿದ್ದರೆ.

ಒಂದು ಮಾತು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಪಕ್ಷದ ಆದೇಶ ಮೀರಿ ಮತ ಹಾಕಿದವರ ಮೇಲೆ ಬೀಳುವ ಪಕ್ಷಾಂತರ ನಿಷೇಧ ಕಾಯ್ದೆಯ ಕತ್ತಿ ಸದನದೊಳಗಿನ ಮತದಾನಕ್ಕೆ ಮಾತ್ರ. ಸಮಿತಿಯಲ್ಲಿ ಪಕ್ಷದ ವಿರುದ್ಧ ಕೈಯೆತ್ತಿದರೆ ನಿಮ್ಮ ಸದಸ್ಯತ್ವ ಹೋಗುವುದಿಲ್ಲ. ಮರುವರ್ಷ ಸಮಿತಿಯಿಂದ ಹೆಸರು ಬಿಟ್ಟುಹೋಗಬಹುದು, ಏಕೆಂದರೆ ಸ್ಥಾಯಿ ಸಮಿತಿಗಳ ಅವಧಿ ಒಂದೇ ವರ್ಷ. ಆ ಅವಧಿಯನ್ನು ಲೋಕಸಭೆಯ ಅವಧಿಯಷ್ಟೇ ಮಾಡಿ ಎಂದು ಕೇಳಿ. ಪ್ರತಿಯೊಂದು ಮಸೂದೆಯೂ ಸಮಿತಿಗೆ ಹೋಗಲಿ, ಹೋಗದಿದ್ದರೆ ಸರ್ಕಾರ ಕಾರಣವನ್ನು ಲಿಖಿತವಾಗಿ ಕೊಡಲಿ ಎಂಬ ನಿಯಮ ತರಲು ಒತ್ತಾಯಿಸಿ. ಜಂಟಿ ಸಮಿತಿಗಳ ಅಧ್ಯಕ್ಷತೆಯೂ ಲೆಕ್ಕಪತ್ರ ಸಮಿತಿಯಂತೆ ಪ್ರತಿಪಕ್ಷಕ್ಕೆ ಸಿಗಲಿ, ನಾಳೆ ಯಾರು ಪ್ರತಿಪಕ್ಷವಾದರೂ ಸರಿ.

ಮೊದಲು ಇಷ್ಟು ಮಾಡಿ: ಮುಂದಿನ ಅಧಿವೇಶನ ಮುಗಿಸಿ ಊರಿಗೆ ಬಂದಾಗ ನೀವು ಯಾವ ಸಮಿತಿಯಲ್ಲಿದ್ದೀರಿ, ಎಷ್ಟು ಸಭೆಗಳಿಗೆ ಹೋದಿರಿ, ಎಲ್ಲಿ ಒಪ್ಪಲಿಲ್ಲ ಎಂದು ಕನ್ನಡದಲ್ಲಿ ಒಂದು ಪುಟ ಬರೆದು ತಾಲ್ಲೂಕು ಕಚೇರಿಯ ಗೋಡೆಗೆ ಅಂಟಿಸಿ. ನಾವು ಓದುತ್ತೇವೆ.

ಇಂತಿ,
ನಿಮ್ಮ ಮತದಾರ